ಹತ್ತು ತಿಂಗಳ ಮುಂಗಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆಯ ಮನೆ ಹುಡುಕಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸದೆ ಹೋದದ್ದು ಅಂಥ ಪ್ರಸಂಗ ಅವರಿಗೆ ಒದಗದಿದ್ದುದರಿಂದಲೇ ಇರಬೇಕು. ಗುಡಿಸಲಾಗಲಿ ತೊಟ್ಟಿಮನೆಯಾಗಲಿ, ಹಳ್ಳಿಯಲ್ಲಿ ತನ್ನದೆಂಬ ಒಂದು ಸೂರು ಇರುತ್ತಿತ್ತು. ಬಾಡಿಗೆದಾರನೆಂಬ ಜೀವಿ ಪಟ್ಟಣದ ಸೃಷ್ಟಿ. ಅವನು ಹಾಲುಕ್ಕಿಸುವುದು ಪರರ ಮನೆಯಲ್ಲಿ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅವನಿಗೆ ಅಪ್ಪಣೆ ಬೇಕು. ಊರಿನಿಂದ ಬಂದ ನೆಂಟರು ನಾಲ್ಕು ದಿನ ಹೆಚ್ಚಾಗಿ ಉಳಿದರೆ ತೊಟ್ಟಿಯ ನೀರಿಗೆ ಲೆಕ್ಕ ಹೇಳಬೇಕು.

ಮಧ್ಯಮ ವರ್ಗದ ಸಂಸಾರಗಳಿಗೆ ಈ ಪಾಡು ತಿಳಿಯದ್ದೇನಲ್ಲ. ವಠಾರದ ನಲ್ಲಿಯ ಮುಂದೆ ಬಿಂದಿಗೆಗಳ ಸಾಲಿನಲ್ಲಿ ಬೆಳಗು ಮಾಡಿದವರು, ಇಂದು ಸ್ವಂತ ಮನೆಯ ಮಹಡಿಯಲ್ಲಿ ಕುಳಿತು ಅದನ್ನು ನಗುತ್ತ ನೆನೆಯುವುದುಂಟು. ಕಷ್ಟ ಮುಗಿದ ಮೇಲೆ ಬರುವ ನಗು ಅದು. ಅದೇ ಬೀದಿಯ ಕೊನೆಯಲ್ಲಿ, ಹತ್ತಡಿ ಅಗಲದ ಕೋಣೆಯಲ್ಲಿ, ಕಷ್ಟ ಮುಗಿಯದವರೂ ಇದ್ದಾರೆ.

ಅಂಥ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಹೆಂಡತಿ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಾಳೆ, ಗಂಡ ಒಂದು ಕಟ್ಟಡಕ್ಕೆ ರಾತ್ರಿಯ ಕಾವಲುಗಾರ, ಇಬ್ಬರು ಮಕ್ಕಳು. ಇಬ್ಬರ ದುಡಿಮೆಯೂ ಸೇರಿ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದ್ದ ಮನೆಯ ಯಜಮಾನರಿಗೆ ಮಗನ ಮದುವೆಯ ಸಂಭ್ರಮ, ಮನೆ ಬಿಡಬೇಕೆಂದಿದ್ದಾರೆ. ಆಕೆ ಕೆಲಸದ ನಡುವಿನ ಬಿಡುವಿನಲ್ಲಿ ಬೀದಿ ಬೀದಿ ಸುತ್ತಿ, ಗೇಟಿಗೆ ತೂಗುಹಾಕಿದ ಹಲಗೆಗಳನ್ನು ಮಗಳ ಕೈಯಲ್ಲಿ ಓದಿಸುತ್ತಾಳೆ. ಯಾವ ಕಡೆಯವರು, ಏನು ಊಟ ಮಾಡುತ್ತೀರಿ, ಎಷ್ಟು ಜನ, ಕುಡಿಯುವವರಿದ್ದಾರೆಯೇ ಎಂಬ ಪ್ರಶ್ನೆಗಳೆಲ್ಲ ಮುಗಿದು, 6,000 ರೂಪಾಯಿ ಬಾಡಿಗೆಯ ಒಂದು ಕೋಣೆ, ಒಂದು ಅಡಿಗೆಮನೆ ಸಿಕ್ಕಿತೆನ್ನಿ. ಆದಾಯದ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಅರ್ಥಶಾಸ್ತ್ರಜ್ಞರ ಪುಸ್ತಕದ ಪ್ರಕಾರ ಈ ಸಂಸಾರಕ್ಕೆ ಬಾಡಿಗೆಯ ತೊಂದರೆಯೇ ಇಲ್ಲ.

ಆಗ ಬರುತ್ತದೆ ಅಡ್ವಾನ್ಸಿನ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದ ವಾಡಿಕೆ. ಈಚೆಗೆ ಐದಾರು ತಿಂಗಳಿಗೆ ಇಳಿದವರೂ ಇದ್ದಾರಾದರೂ ಹತ್ತೆಂಬ ಅಂಕಿಯ ಮೋಹ ಪೂರ್ತಿಯಾಗಿ ಬಿಟ್ಟಿಲ್ಲ. 6,000ದ ಮನೆಗೆ 60,000: ಇಡೀ ಸಂಸಾರ ಮೂರು ತಿಂಗಳು ಉಪವಾಸವಿದ್ದು ದುಡಿದರೆ ಕೂಡುವ ಹಣ. ಹಳೆಯ ಮನೆಯ ಮುಂಗಡ ಅಲ್ಲಿಂದ ಹೊರಟ ದಿನವೇ ಕೈಗೆ ಬರುವುದು ಅಪರೂಪ. ಬಂದರೂ ಬಾಕಿ, ಬಣ್ಣ ಎಂದು ಮುರಿದುಕೊಂಡು ಉಳಿದದ್ದು. ಆದ್ದರಿಂದ ಸಾಲ. ಒತ್ತೆಯಿಡಲು ಒಡವೆಯಿಲ್ಲದವರಿಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಹೆಚ್ಚೇನಲ್ಲ. 60,000ಕ್ಕೆ ತಿಂಗಳಿಗೆ 1,800 ಆಯಿತು. ಮನೆಯ ನಿಜವಾದ ಬಾಡಿಗೆ 6,000 ಅಲ್ಲ, 7,800. ನಾಲ್ಕು ವರ್ಷ ಆ ಮನೆಯಲ್ಲಿದ್ದರೆ ಕಟ್ಟಿದ ಬಡ್ಡಿ 86,400. ಅಸಲು ಮಾತ್ರ ಮೊದಲ ದಿನ ಇದ್ದಂತೆಯೇ ಇರುತ್ತದೆ.

ಇನ್ನು ಆ ಹಣ ಯಜಮಾನರ ಬಳಿ ಏನಾಗುತ್ತದೆ? ಅವರು ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು, ನೂರಕ್ಕೆ ವರ್ಷಕ್ಕೆ ಆರರಂತೆ ಬಡ್ಡಿ ಪಡೆದರೆ, ತಿಂಗಳಿಗೆ ಬರುವುದು 300 ರೂಪಾಯಿ. ಒಬ್ಬರಿಗೆ 300 ರೂಪಾಯಿಯ ಲಾಭವಾಗಲೆಂದು ಇನ್ನೊಬ್ಬರು 1,800 ತೆರುವ ಈ ವ್ಯವಹಾರದಲ್ಲಿ ಹೊಟ್ಟೆ ತುಂಬುವುದು ನಡುವೆ ಕುಳಿತ ಬಡ್ಡಿಯವನಿಗೆ. ಬಡವರಿಗೆ ಮನೆಯ ಬಾಡಿಗೆ ಭಾರವೆಂದು ಚಿಂತಿಸುವ ಯೋಜನೆಗಳು ಅನೇಕ. ಈ ಮುಂಗಡದ ಲೆಕ್ಕವನ್ನು ಹಾಕಿದ ಯೋಜನೆಗಳು ಕಡಿಮೆ.

ಮುಂಗಡಕ್ಕೊಬ್ಬ ಅಣ್ಣನೂ ಉಂಟು: ಭೋಗ್ಯ. ಮೂರೋ ಐದೋ ಲಕ್ಷವನ್ನು ಒಟ್ಟಿಗೆ ಯಜಮಾನರಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು. ಬಿಡುವಾಗ ಹಣ ಹಿಂದಕ್ಕೆ. ಊರಿನ ಹೊಲ ಮಾರಿ ಬಂದ ಹಣವನ್ನು ಹೀಗೆ ಇಟ್ಟು ನೆಮ್ಮದಿಯಾಗಿರುವವರಿದ್ದಾರೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿತ್ತೆಂದು ಜಪ್ತಿಯ ನೋಟೀಸು ಬಾಗಿಲಿಗೆ ಅಂಟಿದ ದಿನ ತಿಳಿದುಕೊಂಡವರೂ ಇದ್ದಾರೆ.

ಇಷ್ಟು ಹೇಳಿ ಮನೆಯ ಯಜಮಾನರನ್ನು ಶೈಲಾಕನ ಪಕ್ಕದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಹತ್ತಡಿ ಕೋಣೆಗಳನ್ನು ಬಾಡಿಗೆಗೆ ಕೊಡುವವರಲ್ಲಿ ಎಷ್ಟೋ ಮಂದಿ ನಿವೃತ್ತಿಯ ಹಣದಲ್ಲಿ ಎರಡು ಅಂತಸ್ತು ಎಬ್ಬಿಸಿದ ಗುಮಾಸ್ತರು, ಗಂಡ ಬಿಟ್ಟುಹೋದ ಮನೆಯೊಂದನ್ನೇ ನಂಬಿದ ವಿಧವೆಯರು. ಮೂರು ತಿಂಗಳು ಬಾಡಿಗೆ ನಿಂತರೆ ಅವರ ಔಷಧ ನಿಲ್ಲುತ್ತದೆ. ಬಾಡಿಗೆದಾರ ಮನೆ ಬಿಡದೆ ಹಟ ಹಿಡಿದರೆ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ಆಯುಷ್ಯ ಕಳೆಯುತ್ತದೆಂಬ ಭಯ ಅವರದು. ಹತ್ತು ತಿಂಗಳ ಮುಂಗಡಕ್ಕೆ ಈ ಭಯವೂ ಒಂದು ಕಾರಣ.

ಆ ಭಯಕ್ಕೆ ಚರಿತ್ರೆಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿಯೇ, ಮುಂಬಯಿಯಲ್ಲಿ ಬಾಡಿಗೆಗೆ ಕಡಿವಾಣ ಬಿತ್ತು. ಅನಂತರ ಬಂದ 1947ರ ಕಾನೂನು 1940ರ ಸೆಪ್ಟೆಂಬರಿನಲ್ಲಿದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿಯಿತು. ಅಕ್ಕಿಯ ಬೆಲೆ ಏರಿತು, ಸಿಮೆಂಟಿನ ಬೆಲೆ ಏರಿತು. ಚಾಳಿನ ಬಾಡಿಗೆ ಮಾತ್ರ ಇದ್ದಲ್ಲಿಯೇ ಇತ್ತು. ಯಜಮಾನರು ದುರಸ್ತಿಯನ್ನು ಕೈಬಿಟ್ಟರು, ಕಟ್ಟಡಗಳು ಕುಸಿಯತೊಡಗಿದವು, 1969ರ ಕಾನೂನಿನಿಂದ ಸರ್ಕಾರವೇ ದುರಸ್ತಿಯ ಮಂಡಲಿಯೊಂದನ್ನು ಮಾಡಬೇಕಾಯಿತು. ಒಳಗಿದ್ದವರಿಗೆ ಅಗ್ಗದ ಮನೆ ದೊರೆಯಿತೆಂಬುದು ದಿಟ. ಹೊರಗಿನಿಂದ ಬಂದವನು ಮಾತ್ರ ಪಗಡಿಯೆಂಬ ದೊಡ್ಡ ಗಂಟನ್ನು ಗುಟ್ಟಾಗಿ ಕೊಡದೆ ಹೊಸ್ತಿಲು ದಾಟುವಂತಿರಲಿಲ್ಲ. ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸುವ ನಿಯಮಗಳು ಕಾಲ ಕಳೆದಂತೆ ಅಸಮಂಜಸವಾಗಿವೆಯೆಂದು ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಹೇಳಿತು. ಆ ಮೊಕದ್ದಮೆಯನ್ನು ಹೂಡಿದವರ ಹೆಸರಿನಲ್ಲಿ ಮಲ್ಪೆ ಎಂಬ ಊರಿನ ಹೆಸರಿರುವುದನ್ನು ಕನ್ನಡಿಗರು ಗಮನಿಸಬಹುದು.

ಮೈಸೂರು ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾನೂನಿನಲ್ಲಿ, ಮನೆ ಖಾಲಿಯಾದರೆ ಯಜಮಾನನು ರೆಂಟ್ ಕಂಟ್ರೋಲರಿಗೆ ತಿಳಿಸಬೇಕಾಗಿತ್ತು. ಯಾರಿಗೆ ಕೊಡಬೇಕೆಂಬುದನ್ನು ಅವರು ತೀರ್ಮಾನಿಸಬಹುದಾಗಿತ್ತು. ಅದರ ಜಾಗದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾನೂನು 2001ರ ಡಿಸೆಂಬರ್ 31ರಂದು ಜಾರಿಯಾದಾಗ, ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂದಿಗೆ ಅದು ಬಡವರ ಮನೆಗೂ ಅನುಕೂಲಸ್ಥರ ಮನೆಗೂ ನಡುವೆ ಎಳೆದ ಗೆರೆ. ಬಾಡಿಗೆಗಳು ಏರಿದಂತೆ ಬಡವರ ಮನೆಯೂ ಗೆರೆಯನ್ನು ದಾಟಿ ಆಚೆ ಹೋಯಿತು. ಮೇಲೆ ಹೇಳಿದ 6,000ದ ಕೋಣೆಗೆ ಆ ಕಾನೂನಿನ ನೆರಳು ಸಿಗದು.

2021ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾನೂನು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದು ಹೇಳಿದೆ. ಅದರ ಜೊತೆಗೆ ಯಜಮಾನರ ಭಯಕ್ಕೂ ಮದ್ದು ಅರೆದಿದೆ: ತಂಟೆಗಳಿಗೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ, ಅವಧಿ ಮುಗಿದ ಮೇಲೂ ಕುಳಿತವನಿಗೆ ಮೊದಲ ಎರಡು ತಿಂಗಳು ಎರಡರಷ್ಟು ಬಾಡಿಗೆ, ಮುಂದೆ ನಾಲ್ಕರಷ್ಟು. ಆದರೆ ಇದು ಮಾದರಿ ಮಾತ್ರ. ಒಪ್ಪುವುದು, ಬಿಡುವುದು ರಾಜ್ಯಗಳಿಗೆ ಸೇರಿದ್ದು. ತಮಿಳುನಾಡು ಅದಕ್ಕೂ ಮೊದಲೇ, 2017ರ ತನ್ನ ಕಾನೂನಿನಲ್ಲಿ, ಮೂರು ತಿಂಗಳ ಮಿತಿಯನ್ನು ಇಟ್ಟಿತು. ಇಂಗ್ಲೆಂಡಿನಲ್ಲಿ 2019ರಿಂದ ಸಾಮಾನ್ಯ ಮನೆಗಳಿಗೆ ಐದು ವಾರಗಳ ಬಾಡಿಗೆಯೇ ಗರಿಷ್ಠ ಮುಂಗಡ. ಅದಕ್ಕೂ ಮುಖ್ಯವಾದುದೆಂದರೆ, 2007ರಿಂದ ಆ ಹಣ ಸರ್ಕಾರದ ಒಪ್ಪಿಗೆ ಪಡೆದ ರಕ್ಷಣಾ ವ್ಯವಸ್ಥೆಗೆ ಒಳಪಡಬೇಕು. ಬಿಡುವಾಗ ಬಣ್ಣದ ಲೆಕ್ಕದಲ್ಲಿ ಜಗಳ ಬಂದರೆ ಮೂರನೆಯವರು ತೀರ್ಮಾನಿಸುತ್ತಾರೆ.

ಅಲ್ಲಿಯ ಅನೇಕ ಸ್ಥಳೀಯ ಸಂಸ್ಥೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಡ ಬಾಡಿಗೆದಾರರ ಪರವಾಗಿ ಜಾಮೀನು ಬರೆದುಕೊಡುತ್ತವೆ. ನಗದು ಕೈ ಬದಲಾಯಿಸುವುದಿಲ್ಲ; ಬಾಕಿಯೋ ಹಾನಿಯೋ ಆದರೆ ಮಾತ್ರ ಸಂಸ್ಥೆ ತುಂಬಿಕೊಡುತ್ತದೆ. ಇದು ಕರ್ನಾಟಕದ ನಗರಗಳಿಗೆ ಚೆನ್ನಾಗಿ ಒಗ್ಗುವ ಉಪಾಯ. ಹಸುವಿಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೊಡುವ ಸ್ತ್ರೀಶಕ್ತಿ ಸಂಘಗಳು ಇಲ್ಲಿವೆ. ವಾರವಾರವೂ ತಪ್ಪದೆ ಉಳಿತಾಯ ಕಟ್ಟುವ ಹೆಂಗಸಿನ ಮಾತಿಗೆ ಸಂಘವೇ ಸಾಕ್ಷಿ. ಆ ಸಂಘದ ಮಾತಿನ ಹಿಂದೆ ಸರ್ಕಾರ ಒಂದು ಸಣ್ಣ ನಿಧಿಯನ್ನಿಟ್ಟು ನಿಂತರೆ, 1,800 ರೂಪಾಯಿಯ ಬಡ್ಡಿ ಆ ಸಂಸಾರದ ತಲೆಯಿಂದ ಇಳಿಯುತ್ತದೆ. ಮನೆ ಕಟ್ಟಿಸಿಕೊಡುವುದಕ್ಕೆ ಹೋಲಿಸಿದರೆ ಖರ್ಚು ಅತ್ಯಲ್ಪ.

ಬಾಡಿಗೆಗೆ ಸಹಾಯಧನ ಕೊಡುವುದು ಸೋಮಾರಿತನಕ್ಕೆ ದಾರಿಯೆಂದು ಕೆಲವರು ಮೂಗು ಮುರಿಯುತ್ತಾರೆ. ಸಂಬಳದ ಚೀಟಿಯಲ್ಲಿ ಮನೆಬಾಡಿಗೆ ಭತ್ಯೆ ಎಂಬ ಸಾಲನ್ನು ಅವರು ಒಮ್ಮೆ ಓದಿಕೊಳ್ಳಬೇಕು. ಬೆಂಗಳೂರಿನಂಥ ನಗರದಲ್ಲಿರುವ ಕೇಂದ್ರ ಸರ್ಕಾರದ ನೌಕರರಿಗೆ ಅದು 2024ರ ಜನವರಿಯಿಂದ ಮೂಲ ವೇತನದ ಶೇಕಡ 30ಕ್ಕೆ ಏರಿತು. ನೆಲ ಒರೆಸುವಾಕೆಗೆ ಸಂಬಳದ ಚೀಟಿಯೇ ಇಲ್ಲ. ಆದರೂ ಸಹಾಯಧನವೊಂದನ್ನೇ ನಂಬುವುದಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ 1974ರ ಕಾನೂನಿನಿಂದ ಬಂದ ಪದ್ಧತಿಯಲ್ಲಿ ಬಡ ಸಂಸಾರ ತನ್ನ ಆದಾಯದ ಶೇಕಡ 30ರಷ್ಟನ್ನು ಬಾಡಿಗೆಗೆ ಕೊಟ್ಟರೆ ಉಳಿದುದನ್ನು ಸರ್ಕಾರ ಕೊಡುತ್ತದೆ. ಅಂಥ ನೆರವು ದೊರೆಯುವುದು ಅರ್ಹರಾದ ನಾಲ್ವರಲ್ಲಿ ಸುಮಾರು ಒಬ್ಬರಿಗೆ. ಮನೆಗಳ ಸಂಖ್ಯೆ ಹೆಚ್ಚದೆ ಹಣ ಮಾತ್ರ ಹೆಚ್ಚಿದರೆ, ಅದು ಬಾಡಿಗೆಯನ್ನೇ ಏರಿಸಿ ಯಜಮಾನರ ಜೇಬು ಸೇರುವ ಅಪಾಯವೂ ಇದೆ.

ಮನೆಗಳ ಸಂಖ್ಯೆ ಹೆಚ್ಚಿಸಿದ ಊರೆಂದರೆ ವಿಯೆನ್ನಾ. 1923ರಲ್ಲಿ ಅಲ್ಲಿಯ ನಗರಸಭೆಯ ಹಣಕಾಸು ಹೊತ್ತಿದ್ದ ಹ್ಯೂಗೊ ಬ್ರೈಟ್ನರ್ ಬಂಗಲೆಗಳ ಮೇಲೆ ಭಾರವಾಗಿಯೂ ಸಣ್ಣ ಮನೆಗಳ ಮೇಲೆ ಹಗುರವಾಗಿಯೂ ಒಂದು ತೆರಿಗೆ ಹಾಕಿದರು. ಆ ಹಣದಿಂದ 1934ರೊಳಗೆ 60,000ಕ್ಕೂ ಹೆಚ್ಚು ಬಾಡಿಗೆ ಮನೆಗಳು ಎದ್ದವು. ಭಾರತದಲ್ಲಿ ಬಡವರಿಗೆ ಮನೆಯೆಂದರೆ ಸ್ವಂತ ಮನೆಯೆಂದೇ ಸರ್ಕಾರಗಳು ಬಹುಕಾಲ ಭಾವಿಸಿದವು. 2020ರಲ್ಲಿ ಕೂಲಿಕಾರರು ಗಂಟು ಹೊತ್ತು ಊರುಗಳಿಗೆ ನಡೆದುಹೋದ ಮೇಲೆ, ಆ ವರ್ಷದ ಜುಲೈನಲ್ಲಿ, ಕಟ್ಟಿ ಖಾಲಿ ಬಿದ್ದಿದ್ದ ಒಂದು ಲಕ್ಷಕ್ಕೂ ಹೆಚ್ಚಿನ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆ ಬಂತು. ಮನೆಯಿಲ್ಲದವರು ಅಷ್ಟೊಂದಿರುವಾಗ ಅವು ಖಾಲಿಯಿದ್ದದ್ದೇಕೆ? ಊರಾಚೆ ಕಟ್ಟಿದ ಮನೆಯಿಂದ ಬೆಳಗಿನ ಆರಕ್ಕೆ ನೆಲ ಒರೆಸಲು ಬರಬೇಕಾದರೆ ಎರಡು ಬಸ್ಸು ಹಿಡಿಯಬೇಕು. ಕೆಲಸದ ಬೀದಿಗೆ ನಡೆದು ಬರುವಷ್ಟು ಹತ್ತಿರ ಬಾಡಿಗೆಯ ಕೋಣೆ ಬೇಕೆನ್ನುವವಳಿಗೆ ದೂರದ ಹಕ್ಕುಪತ್ರ ಪ್ರಯೋಜನಕ್ಕೆ ಬಾರದು. 2024ರಲ್ಲಿ ಆರಂಭವಾದ ನಗರ ವಸತಿ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ಮನೆಗಳಿಗೇ ಒಂದು ವಿಭಾಗವಿರುವುದು ಸಮಾಧಾನದ ಸಂಗತಿ. ಎಲ್ಲಿ ಕಟ್ಟುತ್ತಾರೆಂಬುದನ್ನು ನೋಡಬೇಕು.

ಕಾನೂನು ಬರಲಿ, ನಿಧಿ ಬರಲಿ, ಅದನ್ನು ಪಡೆಯಬೇಕಾದರೆ ತಾನು ಬಾಡಿಗೆದಾರಳೆಂದು ಆಕೆ ತೋರಿಸಬೇಕಷ್ಟೆ? ಕರಾರುಪತ್ರವಿಲ್ಲ, ರಸೀದಿಯಿಲ್ಲ, ಎಣಿಸಿ ಕೊಟ್ಟ 60,000ಕ್ಕೆ ಬಾಯಿಮಾತೇ ಆಧಾರ. ಇದಕ್ಕೆ ಮಾತ್ರ ಯಾವ ಸರ್ಕಾರವನ್ನೂ ಕಾಯಬೇಕಾಗಿಲ್ಲ. ಮೇಲಂತಸ್ತಿನ ಕೋಣೆಗೆ ಹಲಗೆ ತೂಗುಹಾಕಿದವರು ಈ ಪತ್ರಿಕೆಯ ಓದುಗರಲ್ಲಿಯೂ ಇರಬಹುದು. ಮನೆಗೆ ಬರುವಾಗ ಮೂರು ತಿಂಗಳ ಮುಂಗಡ, ಉಳಿದದ್ದು ಕಂತಿನಲ್ಲಿ ಎಂದು ಒಪ್ಪಿಕೊಂಡು, ಕೊಟ್ಟದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದು ಎರಡು ಕಡೆಯವರೂ ರುಜು ಹಾಕುವ ಯಜಮಾನರು ಇಲ್ಲದಿಲ್ಲ. ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವ ಪದ್ಧತಿ ಅವರಲ್ಲಿಯೂ ಉಂಟು.