ಬಚ್ಚಲಿನ ಬಟ್ಟಲು

ಮನೆಗೆ ಬಂದ ನೆಂಟರಿಗೆ ನಡುಮನೆಯನ್ನೂ ದೇವರಮನೆಯನ್ನೂ ಸಂತೋಷದಿಂದ ತೋರಿಸುವ ಗೃಹಸ್ಥನು, ಬಚ್ಚಲುಮನೆಯ ಬಾಗಿಲನ್ನು ಮಾತ್ರ ಮೆಲ್ಲನೆ ಮುಚ್ಚಿಬಿಡುವುದುಂಟು. ಮೈಸೂರಿನ ಹಳೆಯ ಬಡಾವಣೆಯೊಂದರ ನಿವೃತ್ತ ಉಪಾಧ್ಯಾಯರೊಬ್ಬರು ಎರಡು ವರ್ಷಗಳ ಕಾಲ ಹೀಗೆಯೇ ಮಾಡಿದರು. ಹಿತ್ತಿಲ ಕಡೆಯ ಬಚ್ಚಲಿನಿಂದ ಕೊಳೆತ ಮೊಟ್ಟೆಯಂತಹ ನಾತವೊಂದು ಹೊರಡುತ್ತಿದ್ದಿತು. ಒಂದೇ ವಾಸನೆಯ ನಡುವೆ ಸ್ವಲ್ಪ ಹೊತ್ತು ನಿಂತರೆ ಮೂಗು ಅದನ್ನು ಅರಿಯುವುದನ್ನೇ ಬಿಟ್ಟುಬಿಡುತ್ತದೆ. ಆದುದರಿಂದ ಮನೆಯವರು ಹೇಗೋ ದಿನ ನೂಕಿದರು. ಹೊರಗಿನಿಂದ ಬಂದವರು ಮಾತ್ರ ಹೊಸ್ತಿಲಲ್ಲಿಯೇ ಮುಖ ಕಿವುಚುತ್ತಿದ್ದರು.

ಆ ಬಚ್ಚಲನ್ನು ಉಪಯೋಗಿಸುತ್ತಿದ್ದವರು ಉಪಾಧ್ಯಾಯರ ತಾಯಿಯೊಬ್ಬರೇ. ಎಂಬತ್ತು ದಾಟಿದ ವೃದ್ಧೆ. ಹರಳೆಣ್ಣೆ, ಸೀಗೆಪುಡಿಗಳ ಅಭ್ಯಾಸವನ್ನು ಬಿಟ್ಟವರಲ್ಲ. ಮುದುಕರ ಶುಚಿತ್ವದ ವಿಷಯದಲ್ಲಿ ಕಿರಿಯರಿಗೆ ಹುಟ್ಟುವ ಸಂಶಯವು ಬಾಯಿಂದ ಹೊರಬೀಳುವುದು ಅಪರೂಪ. ಅದು ಮೊದಲು ಊದುಬತ್ತಿಯ ರೂಪದಲ್ಲಿಯೂ ಅನಂತರ ಫಿನಾಯಿಲಿನ ರೂಪದಲ್ಲಿಯೂ ಪ್ರಕಟವಾಗುತ್ತದೆ. ಕಡೆಗೊಂದು ದಿನ ಸೊಸೆಯು, "ಅತ್ತೆ, ಸ್ನಾನವಾದ ಮೇಲೆ ಇನ್ನೆರಡು ಚೆಂಬು ನೀರು ಹೊಯ್ದುಬಿಡಿ" ಎಂದರು. ಮಾತು ಮೃದುವಾಗಿಯೇ ಇದ್ದಿತು. "ಹೊಯ್ಯುತ್ತಲೇ ಇದ್ದೇನಲ್ಲಮ್ಮಾ" ಎಂದ ವೃದ್ಧೆಯು ಮರುವಾರವೇ ಶಿವಮೊಗ್ಗದ ಮಗಳ ಮನೆಗೆ ಹೊರಟುನಿಂತರು. ಹೋಗೆಂದು ಯಾರೂ ಹೇಳಲಿಲ್ಲ. ಇರೆಂದು ಬಲವಂತಪಡಿಸಿದವರೂ ಇಲ್ಲ.

ನಾತ ಬಂದ ಕಡೆಯಲ್ಲಿಯೇ ಅಪರಾಧಿಯನ್ನು ಹಿಡಿಯುವುದು ಮನುಷ್ಯನ ಹಳೆಯ ಚಾಳಿ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವನ್ನು ತಾಳಲಾರದೆ ಲಂಡನ್ನಿನ ಪಾರ್ಲಿಮೆಂಟು ಭವನದ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ತೋಯಿಸಿ ತೂಗುಬಿಟ್ಟರು. ಕಾಲರಾವನ್ನು ಹರಡುವುದು ಕುಡಿಯುವ ನೀರೆಂದು ಜಾನ್ ಸ್ನೋ ಎಂಬ ವೈದ್ಯನು 1854ರಲ್ಲಿಯೇ ಬೀದಿಯ ಪಂಪೊಂದನ್ನು ತೋರಿಸಿ ಹೇಳಿದ್ದನು. ಪಂಡಿತರಲ್ಲಿ ಬಹುಮಂದಿ ಮಾತ್ರ ಕೆಟ್ಟ ಗಾಳಿಯನ್ನೇ ದೂರುತ್ತಿದ್ದರು. ಅಷ್ಟು ದೊಡ್ಡ ಪಟ್ಟಣದ ಕಥೆಯೇ ಹೀಗಿರುವಾಗ ಒಂದು ಬಚ್ಚಲಿನ ಪಾಡೇನು!

ವೃದ್ಧೆಯು ಹೋಗಿ ಹದಿನೈದು ದಿನಗಳಾದವು. ಏಪ್ರಿಲಿನ ಬಿಸಿಲು. ನಾತವು ತಗ್ಗುವುದಿರಲಿ, ಇಮ್ಮಡಿಯಾಯಿತು. ಸ್ನಾನ ಮಾಡುವವರೇ ಇಲ್ಲದ ಬಚ್ಚಲಿನಿಂದ ಬರುವ ನಾತವನ್ನು ಯಾರ ತಲೆಗೆ ಕಟ್ಟುವುದು? ಉಪಾಧ್ಯಾಯರು ಕೊಳಾಯಿ ಕೆಲಸದವನನ್ನು ಕರೆಸಿದರು. ಅವನು ಜಾಲರಿಯನ್ನೆತ್ತಿ, ಕೂದಲೂ ಸೀಗೆಯ ಗಸಿಯೂ ಸೇರಿದ ಕಪ್ಪು ಮುದ್ದೆಯೊಂದನ್ನು ಹೊರತೆಗೆದು, ದೀಪ ಹಿಡಿದು ನೋಡಿ, "ಸ್ವಾಮಿ, ಇದರೊಳಗಿನ ಬಟ್ಟಲೆಲ್ಲಿ?" ಎಂದು ಕೇಳಿದನು.

ಕೊಳೆಯು ಗಾಳಿಯಾಡದೆಡೆಯಲ್ಲಿ ಕೊಳೆತಾಗ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಹುಟ್ಟಿಸುತ್ತವೆ. ಅದು ಮೋರಿಯ ಕೊಳವೆಯಲ್ಲಿ ಹಿಮ್ಮುಖವಾಗಿ ಏರಿ ಮನೆಯನ್ನು ಹೊಗದಂತೆ ತಡೆಯುವುದು ನಡುವೆ ನಿಂತಿರುವ ಅಂಗುಲವೆರಡಂಗುಲ ನೀರು. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿಯು ಕೊಳವೆಯನ್ನೇ ಬಾಗಿಸಿ ಅದರಲ್ಲಿ ನೀರು ನಿಲ್ಲುವಂತೆ ಮಾಡಿ ಹಕ್ಕುಪತ್ರ ಪಡೆದನು. ನಮ್ಮ ನೆಲದ ಟ್ರ್ಯಾಪುಗಳಲ್ಲಿ ಕೆಲವು ಬೇರೊಂದು ಬಗೆಯವು: ಕೊಳವೆಯ ಬಾಯಿಯ ಮೇಲೆ ಬಟ್ಟಲೊಂದನ್ನು ಕವುಚಿ, ಅದರ ಅಂಚು ನೀರಿನಲ್ಲಿ ಮುಳುಗಿರುವಂತೆ ಇಟ್ಟಿರುತ್ತಾರೆ. ನೀರು ಅಂಚಿನ ಕೆಳಗೆ ನುಸುಳಿ ಹೋಗುತ್ತದೆ, ಅನಿಲವು ಬರಲಾರದು. ಬಟ್ಟಲಿಲ್ಲದಿದ್ದರೆ ಮೋರಿಗೂ ಮನೆಗೂ ಬಾಗಿಲೇ ಇಲ್ಲ. ದಿನವೂ ವೃದ್ಧೆಯು ಹೊಯ್ಯುತ್ತಿದ್ದ ನೀರು ಕೊಳೆಯನ್ನು ಅಷ್ಟಾದರೂ ತೊಳೆದೊಯ್ಯುತ್ತಿದ್ದಿತು. ಅದೂ ನಿಂತುಹೋದ ಮೇಲೆ ಕೇಳುವುದೇನು?

ಉಪಾಧ್ಯಾಯರಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಬಚ್ಚಲಿನಲ್ಲಿ ನೀರು ಕಟ್ಟಿಕೊಂಡಾಗ ಕೈಹಾಕಿ ಆ ಬಟ್ಟಲನ್ನು ಕಿತ್ತವರು ಅವರೇ. ನೀರು ಗಳಗಳನೆ ಇಳಿದುಹೋದುದನ್ನು ಕಂಡು, ಇದು ನಿಷ್ಪ್ರಯೋಜಕ ವಸ್ತುವೆಂದು ಅಟ್ಟಕ್ಕೆ ಎಸೆದಿದ್ದರು. ಹುಡುಕಿದಾಗ ಸಿಕ್ಕಿತು, ಅದರ ತುಂಬ ತುಕ್ಕುಹಿಡಿದ ಮೊಳೆಗಳು. ತೊಳೆದು ಮೊದಲಿನಂತೆ ಕವುಚಿದರು. ಸಂಜೆಯ ಹೊತ್ತಿಗೆ ನಾತವಿರಲಿಲ್ಲ. ಬಳಸದೆ ಬಿಟ್ಟರೆ ಬೇಸಗೆಯಲ್ಲಿ ಒಳಗಿನ ನೀರು ಆರಿಹೋಗುವುದೆಂದೂ, ಆಗಾಗ ಒಂದು ಚೆಂಬು ಹೊಯ್ಯುತ್ತಿರಬೇಕೆಂದೂ ಹೇಳಿ ಕೆಲಸದವನು ಕೂಲಿ ಪಡೆದು ಹೋದನು.

ಆ ರಾತ್ರಿ ಅವರು ಶಿವಮೊಗ್ಗಕ್ಕೆ ದೂರವಾಣಿ ಮಾಡಿದರು. "ಅಮ್ಮಾ, ಬಟ್ಟಲು ಕಿತ್ತವನು ನಾನು. ನಿನ್ನದೇನೂ ತಪ್ಪಿರಲಿಲ್ಲ." ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಹಲಸಿನ ಹಣ್ಣು ಮುಗಿಯಲಿ, ಬರುತ್ತೇನೆ" ಎಂದರು.

ಅಲ್ಲಿಯವರೆಗೆ ಸೊಸೆಯು ಪ್ರತಿದಿನವೂ ಬೆಳಗ್ಗೆ ರಂಗೋಲಿ ಹಾಕಿಬಂದು, ಬರಿದಾದ ಆ ಬಚ್ಚಲಿಗೆ ಒಂದು ಚೆಂಬು ನೀರು ಹೊಯ್ಯುತ್ತಿದ್ದರು.