ಶರಾವತಿಯ ಹಿನ್ನೀರಿನಲ್ಲಿ ಹಳೆಯ ಬೆಳಕು

ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ, ಶಕ್ತಿಯನ್ನು ಸೃಷ್ಟಿಸಲಾಗದು, ನಾಶಗೊಳಿಸಲಾಗದು ಎಂಬ ವಾಕ್ಯವನ್ನು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಸುರತ್ಕಲ್ಲಿನ ನಮ್ಮ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನೇ ಹಿಡಿದು ಕೇಳಿದ: "ಮಾಷ್ಟ್ರೇ, ವಿಶ್ವದ ಮೊದಲ ಬೆಳಕು ತಣ್ಣಗಾಯಿತು ಎನ್ನುತ್ತಾರಲ್ಲ, ಆ ಬಿಸಿ ಹೋದದ್ದೆಲ್ಲಿಗೆ?"

ಪ್ರಶ್ನೆ ಸಣ್ಣದಲ್ಲ. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ ಇಲೆಕ್ಟ್ರಾನುಗಳು ಪರಮಾಣುಗಳೊಳಗೆ ಸೇರಿಕೊಂಡವು; ಅದುವರೆಗೆ ಅವುಗಳ ನಡುವೆ ಸಿಕ್ಕಿಬಿದ್ದಿದ್ದ ಬೆಳಕಿಗೆ ಬಿಡುಗಡೆಯಾಯಿತು. ಆಗ ಅದರ ಉಷ್ಣತೆ ಸುಮಾರು 3,000 ಕೆಲ್ವಿನ್. ಹಳೆಯ ಬಲ್ಬಿನ ತಂತಿಯಷ್ಟು ಎನ್ನಿ. ಅಂದಿನಿಂದ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದೆ, ಬೆಳಕಿನ ಅಲೆಯೂ ಅಷ್ಟೇ ಪಟ್ಟು ಉದ್ದವಾಗಿದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟಿದ್ದ ಅಲೆ ಇಂದು ಮಿಲಿಮೀಟರ್ ಉದ್ದದ ಸೂಕ್ಷ್ಮತರಂಗ, ಉಷ್ಣತೆ 2.725 ಕೆಲ್ವಿನ್. ನಮ್ಮ ಕಡಲ ದಂಡೆಯಲ್ಲೂ ಪ್ರತಿ ಘನ ಸೆಂಟಿಮೀಟರಿನಲ್ಲಿ ಅದರ ಸುಮಾರು 410 ಕಣಗಳಿವೆ.

ಚಹಾ ತಣಿದರೆ ಬಿಸಿ ಲೋಟಕ್ಕೂ ಗಾಳಿಗೂ ಹೋಗುತ್ತದೆ. ವಿಶ್ವಕ್ಕೆ ಹೊರಗಿನ ಗಾಳಿಯಿಲ್ಲ. ಶಕ್ತಿಯ ಜಮಾಖರ್ಚು ನಮ್ಮ ಪ್ರಯೋಗಶಾಲೆಯಲ್ಲಿ ತಪ್ಪದೆ ಹೊಂದುತ್ತದೆ; ಹಿಗ್ಗುತ್ತಲೇ ಇರುವ ಇಡೀ ವಿಶ್ವಕ್ಕೆ ಅಂತಹ ಒಂದೇ ಖಾತೆಪುಸ್ತಕವಿಲ್ಲ. ಇದು ಐನ್‌ಸ್ಟೈನರ ಸಿದ್ಧಾಂತದಿಂದಲೇ ಬರುವ ಮಾತು. ಹುಡುಗ ಇದನ್ನು ವಕೀಲರ ಉತ್ತರವೆಂದು ನಕ್ಕ. ನಗಲಿ.

ಬೆಳಕು ನಿಜಕ್ಕೂ ಹಂತಹಂತವಾಗಿ ತಣಿಯಿತೆಂಬುದಕ್ಕೆ ಸಾಕ್ಷಿ ಬೇಕಲ್ಲವೇ? ಪುಣೆಯ ಅಯೂಕಾ ಸಂಸ್ಥೆಯ ಶ್ರೀಆನಂದ್ ಮತ್ತು ಸಂಗಡಿಗರು 2000ದಲ್ಲಿ, ಬಹುದೂರದ ಅನಿಲಮೋಡವೊಂದರಲ್ಲಿ ಅದು 6ರಿಂದ 14 ಕೆಲ್ವಿನ್ ನಡುವೆ ಇದ್ದುದನ್ನು ತೋರಿಸಿದರು. ಲೆಕ್ಕ ಹೇಳಿದ್ದು 9.

ಇನ್ನೂ ಹಿಂದಿನ ಸಾಕ್ಷಿಯನ್ನು ಹುಡುಕಿದ್ದು ನಮ್ಮ ನಾಡಿನ ನೀರಿನ ಮೇಲೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಹೈಡ್ರೋಜನ್ ಅನಿಲವು ಆ ಹಳೆಯ ಬೆಳಕಿನಿಂದ 21 ಸೆಂಟಿಮೀಟರಿನ ಅಲೆಗಳನ್ನು ಹೀರಿಕೊಂಡಿರಬೇಕು. ವಿಶ್ವ ಆ ಬಳಿಕ 18 ಪಟ್ಟು ಹಿಗ್ಗಿದ್ದರೆ ಆ ಅಲೆ ಈಗ ಸುಮಾರು 3.8 ಮೀಟರ್ ಇರುತ್ತದೆ. ಮಂಗಳೂರು ಆಕಾಶವಾಣಿಯ ಎಫ್‌ಎಂ ಅಲೆಗಿಂತ ತುಸು ಉದ್ದ. 2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯದಲ್ಲಿಟ್ಟ ಉಪಕರಣದಿಂದ ಅದು ಸಿಕ್ಕಿತೆಂದು ಪ್ರಕಟಿಸಿತು. ಆದರೆ ಹೀರಿಕೆಯ ಪ್ರಮಾಣ ನಿರೀಕ್ಷೆಯ ಎರಡು ಪಟ್ಟಿಗೂ ಹೆಚ್ಚು! ಅದು ನಿಜವಾಗಿದ್ದರೆ ಭೌತಶಾಸ್ತ್ರಕ್ಕೆ ಹೊಸ ಅಧ್ಯಾಯವೇ ಬೇಕಾಗುತ್ತಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್ 3' ಎಂಬ ತಮ್ಮ ಉಪಕರಣವನ್ನು ತೆಪ್ಪದ ಮೇಲೇರಿಸಿ, 2020ರ ಆರಂಭದಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದಡಿಯ ಕಲ್ಲುಮಣ್ಣಿನ ಪದರಗಳು ಅಳತೆ ಕೆಡಿಸುತ್ತವೆ. ನೀರಾದರೆ ಎಲ್ಲೆಡೆ ಒಂದೇ ಹದ. ಸಿಗಂದೂರಿಗೆ ಲಾಂಚಿನಲ್ಲಿ ದಾಟುವಾಗ ನಾವೆಲ್ಲ ನೋಡಿದ್ದ ಅದೇ ಹಿನ್ನೀರು. 2022ರಲ್ಲಿ ಬಂದ ಅವರ ಉತ್ತರ: ಅಂತಹ ಸಂಕೇತ ಇಲ್ಲಿ ಕಾಣಲಿಲ್ಲ; ಶೇಕಡಾ 95.3ರಷ್ಟು ಖಚಿತವಾಗಿ ಅದನ್ನು ತಳ್ಳಿಹಾಕಬಹುದು. 'ಸಿಕ್ಕಿತು' ಎಂಬ ಸುದ್ದಿಗಿಂತ ಈ 'ಕಾಣಲಿಲ್ಲ' ನನಗೆ ಹೆಚ್ಚು ಪ್ರಿಯ. ಎಫ್‌ಎಂ ಗದ್ದಲ ತಲುಪದ ಚಂದ್ರನ ಮರೆಯಿಂದ ಆಲಿಸಲು 'ಪ್ರತುಷ್' ಎಂಬ ಯೋಜನೆಯನ್ನೂ ಅದೇ ಸಂಸ್ಥೆ ಮುಂದಿಟ್ಟಿದೆ.