ಮಧ್ಯದ ಮೂರು ವರ್ಷ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಕರ್ಟ್ ವಾರ್ನರ್ ಕಥೆಯನ್ನ ಯಾರಾದ್ರೂ ಹಾಕೇ ಹಾಕ್ತಾರೆ. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವನನ್ನ ಕ್ಯಾಂಪಿನಿಂದಲೇ ಮನೆಗೆ ಕಳಿಸ್ತು. ಅಯೋವಾದ ಒಂದು ದಿನಸಿ ಅಂಗಡಿಯಲ್ಲಿ ಗಂಟೆಗೆ 5.50 ಡಾಲರ್‌ಗೆ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸ್ತಿದ್ದ. ಆಮೇಲೆ ಸೂಪರ್ ಬೌಲ್ ಗೆದ್ದ. ಅಷ್ಟೇ, ಕಥೆ ಮುಗೀತು, ಕೆಳಗೆ ನಾಲ್ಕು ಬೆಂಕಿ ಇಮೋಜಿ.

ಅಂಗಡಿಗೂ ಸೂಪರ್ ಬೌಲ್‌ಗೂ ಮಧ್ಯೆ ಏನಿತ್ತು ಅಂತ ಯಾರೂ ಹೇಳಲ್ಲ. ಅಲ್ಲಿ ಇದ್ದದ್ದು ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಅನ್ನೋ ಸಣ್ಣ ತಂಡ.

ಈ ತಂಡ ಅರ್ಥ ಆಗಬೇಕಾದರೆ ಮೊದಲು ಅವರ ಆಟ ಗೊತ್ತಿರಬೇಕು. 1981ರಲ್ಲಿ ಜಿಮ್ ಫಾಸ್ಟರ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ನೋಡ್ತಾ ಕೂತಿದ್ದ. ಅಮೆರಿಕನ್ ಫುಟ್‌ಬಾಲನ್ನೂ ಹೀಗೇ ಸೂರಿನ ಕೆಳಗೆ ಆಡಿಸಿದರೆ ಹೇಗೆ ಅಂತ ಅನ್ನಿಸಿ, ಕೈಲಿದ್ದ ಕಂದು ಲಕೋಟೆಯ ಮೇಲೇ ಮೈದಾನ ಗೀಚಿದ. 100 ಗಜದ ಮೈದಾನ 50 ಗಜವಾಯಿತು, 11 ಜನರ ಬದಲು 8 ಜನ. ಅಗಲ 85 ಅಡಿ, ಅಂದರೆ ಐಸ್ ಹಾಕಿ ಅಂಕಣದಷ್ಟೇ. ಬೌಂಡರಿ ಗೆರೆ ಇರೋ ಕಡೆ ಮೆತ್ತೆ ಹೊದಿಸಿದ ಗೋಡೆ. ಗೋಲ್‌ಕಂಬದ ಎರಡೂ ಪಕ್ಕ ದೊಡ್ಡ ಬಲೆ. ಅದಕ್ಕೆ ತಗುಲಿ ವಾಪಸ್ ಪುಟಿದ ಚೆಂಡೂ ಆಟದಲ್ಲೇ ಇರುತ್ತೆ. 1987ರಲ್ಲಿ ನಾಲ್ಕು ತಂಡಗಳ ಲೀಗ್ ಶುರುವಾಯಿತು. 1990ರಲ್ಲಿ ಫಾಸ್ಟರ್‌ಗೆ ಈ ಆಟದ ಮೇಲೆ ಪೇಟೆಂಟೇ ಸಿಕ್ಕಿತು! (ನಮ್ಮ ಫೈನಲ್ ಇಯರ್ ಪ್ರಾಜೆಕ್ಟಿಗೂ ಆ ಯೋಗ ಬರಲಿ.)

ಅದೇ ಫಾಸ್ಟರ್ 1995ರಲ್ಲಿ ಡೆ ಮೊಯ್ನ್ ಊರಲ್ಲಿ ಬಾರ್ನ್‌ಸ್ಟಾರ್ಮರ್ಸ್ ಕಟ್ಟಿದ. 1920ರ ದಶಕದಲ್ಲಿ ಹಳ್ಳಿ ಹೊಲಗಳಲ್ಲಿ ವಿಮಾನ ಇಳಿಸಿ ಸಾಹಸ ತೋರಿಸ್ತಿದ್ದ ಪೈಲಟ್‌ಗಳಿಗೆ ಆ ಹೆಸರಿತ್ತು. ಅದಕ್ಕೇ ತಂಡದ ಹೆಲ್ಮೆಟ್ ಮೇಲೆ ಪೈಲಟ್ ಕನ್ನಡಕದ ಚಿತ್ರ. ಸುಮಾರು 11 ಸಾವಿರ ಜನ ಹಿಡಿಯೋ ಹಳೇ ಸಭಾಂಗಣ, ಊರವರ ಬಾಯಲ್ಲಿ ಅದು ‘ದ ಬಾರ್ನ್’, ಅಂದರೆ ಕಣಜ.

ವಾರ್ನರ್ ಅಲ್ಲಿ ಮೂರು ಸೀಸನ್ ಆಡಿದ. 1996ರಲ್ಲೂ 1997ರಲ್ಲೂ ತಂಡ ಫೈನಲ್‌ಗೆ ಹೋಯ್ತು, ಎರಡರಲ್ಲೂ ಸೋತಿತು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಮೈದಾನದ ಅಳತೆ. ಅಷ್ಟು ಚಿಕ್ಕ ಜಾಗದಲ್ಲಿ ಎದುರಾಳಿ ಮೈಮೇಲೇ ಬಂದಿರ್ತಾನೆ. ಚೆಂಡು ಕೈಗೆ ಬಂದ ಕ್ಷಣದಲ್ಲೇ ಯಾರಿಗೆ ಎಸೀಬೇಕು ಅಂತ ತೀರ್ಮಾನ ಆಗಿರಬೇಕು. ಮೂರು ವರ್ಷ ಅದೇ ಅಭ್ಯಾಸ. 1999ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ವಾರ್ನರ್ ಮೈದಾನಕ್ಕಿಳಿದು ಆ ಸೀಸನ್‌ನಲ್ಲಿ 41 ಟಚ್‌ಡೌನ್ ಎಸೆದ. ಎರಡರಷ್ಟು ದೊಡ್ಡ ಮೈದಾನ ಅವನಿಗೆ ವಿಶಾಲವಾಗೇ ಕಂಡಿರಬೇಕು.

ನಾನು ಜುಲೈನಲ್ಲಿ ಸೇರೋದು ಪೀಣ್ಯದ ಒಂದು ಟೂಲ್ ರೂಮಿಗೆ. ಒಟ್ಟು 14 ಜನ. “ಅಯ್ಯೋ, ಅಲ್ಲಿಗಾ? ಇನ್ನೊಂದು ವರ್ಷ ಕಾಯ್ಬಹುದಿತ್ತಲ್ಲೋ” ಅಂತ ರೂಮ್‌ಮೇಟ್ ಇವತ್ತಿಗೂ ಅಂತಾನೆ. ಮನೇಲಿ ಅಮ್ಮ ನೆಂಟರಿಗೆ ಕಂಪನಿ ಹೆಸರು ಹೇಳದೆ ಬರೀ “ಬೆಂಗಳೂರಲ್ಲಿ ಕೆಲಸ” ಅಂತಾರೆ. ಇಂಟರ್‌ವ್ಯೂ ದಿನ ಅಲ್ಲಿನ ಯಜಮಾನರು ನನ್ನ ಕೈಗೊಂದು ಮೈಕ್ರೋಮೀಟರ್ ಕೊಟ್ಟು, “ಅಳೀರಿ ನೋಡೋಣ” ಅಂದ್ರು. ನಾಲ್ಕು ವರ್ಷದಲ್ಲಿ ನನ್ನನ್ನ ಅಷ್ಟು ನೇರವಾಗಿ ಕೇಳಿದವರು ಅವರೊಬ್ಬರೇ. ನನಗೆ ಆ ಜಾಗ ಹಿಡಿಸಿತು. ಅದರಿಂದಾಚೆ ಸೂಪರ್ ಬೌಲ್ ಇದೆಯೋ ಇಲ್ವೋ ಅನ್ನೋ ಲೆಕ್ಕ ನಾನು ಹಾಕಿಲ್ಲ.

ಯಾಕಂದ್ರೆ ಅದೇ ಅಂಕಣದಲ್ಲಿ ವಾರ್ನರ್ ಜೊತೆ ಆಡಿದವರಲ್ಲಿ ಹೆಚ್ಚಿನವರಿಗೆ ಸೂಪರ್ ಬೌಲ್ ಸಿಗಲಿಲ್ಲ. ಒಬ್ಬನೇ ದಾಳಿಯಲ್ಲೂ ರಕ್ಷಣೆಯಲ್ಲೂ ಆಡಬೇಕಿದ್ದ ಆಟ ಅದು. ಅವರ ಎಸೆತ, ಹಿಡಿತ, ಗೋಡೆಗೆ ಬಡಿದುಕೊಂಡ ಭುಜ ಯಾವ ಫಾರ್ವರ್ಡ್ ಮೆಸೇಜಲ್ಲೂ ಬರಲ್ಲ. ಆದರೂ ವಾರ್ನರ್ ಎಸೆದ ಚೆಂಡನ್ನ ಹಿಡಿದವರು ಅವರೇ ತಾನೇ?

ತಂಡದ ಗತಿಯೂ ಸಲೀಸಾಗಿರಲಿಲ್ಲ. 2000ದ ಸೀಸನ್ ಮುಗಿದ ಮೇಲೆ ಅದು ಮಾರಾಟವಾಗಿ ನ್ಯೂಯಾರ್ಕಿಗೆ ಹೋಗಿ ‘ಡ್ರ್ಯಾಗನ್ಸ್’ ಆಯಿತು. 2009ರಲ್ಲಿ ಆ ದೊಡ್ಡ ಲೀಗೇ ಆಟ ನಿಲ್ಲಿಸಿ ದಿವಾಳಿ ಎದ್ದಿತು, ಡ್ರ್ಯಾಗನ್ಸ್ ಕೂಡ ಹೋಯ್ತು. ಡೆ ಮೊಯ್ನ್ ಜನ ಮಾತ್ರ ಹಳೇ ಹೆಸರನ್ನ ಬಿಡಲಿಲ್ಲ. ಅದೇ ಹೆಸರಲ್ಲಿ ಇನ್ನೂ ಕೆಳಗಿನ ಲೀಗಿನಲ್ಲಿ ಆಡಿದರು, ನಿಂತರು, 2008ರಲ್ಲಿ ಮತ್ತೆ ಕಟ್ಟಿದರು. 2018ರಲ್ಲಿ ಬಾರ್ನ್‌ಸ್ಟಾರ್ಮರ್ಸ್ ಇಂಡೋರ್ ಫುಟ್‌ಬಾಲ್ ಲೀಗಿನ ಚಾಂಪಿಯನ್ ಆಯಿತು. ವಾರ್ನರ್ ಊರು ಬಿಟ್ಟು ಆಗಲೇ 20 ವರ್ಷ ಆಗಿತ್ತು.